ಮೂಲವ್ಯಾಧಿಯ ಹೊರರೋಗಿ ಚಿಕಿತ್ಸೆಗಳು

ಗುದನಾಳದ ಒಳಗೋಡೆಯಲ್ಲಿ ಎಲ್ಲರಿಗೂ ಹುಟ್ಟಿನಿಂದಲೇ ಇರುವ ರಕ್ತನಾಳಗಳ ಮೆತ್ತೆಗಳು ಊದಿಕೊಂಡು, ನೆಲೆ ತಪ್ಪಿ ಕೆಳಕ್ಕೆ ಜಾರಿ, ಮಲ ಹೋಗುವಾಗ ರಕ್ತ ಸುರಿಸುವ ಸ್ಥಿತಿಯೇ ಮೂಲವ್ಯಾಧಿ. ಸಂಸ್ಕೃತ ವೈದ್ಯಗ್ರಂಥಗಳಲ್ಲಿ ಇದರ ಹೆಸರು ಅರ್ಶಸ್ಸು. ಹಳಬರು ಮೊಳೆರೋಗ ಎನ್ನುತ್ತಿದ್ದರು. ಈಗ ಊರೂರಿನ ಬೋರ್ಡುಗಳಲ್ಲಿ, ಔಷಧದಂಗಡಿಯ ಮುಂದೆ ನಿಂತು ತಗ್ಗಿದ ದನಿಯಲ್ಲಿ ಮುಲಾಮು ಕೇಳುವವರ ಬಾಯಲ್ಲಿ, ಅದು ಪೈಲ್ಸ್. ನಾಚಿಕೆಯಿಂದ ವರ್ಷಗಟ್ಟಲೆ ಮುಚ್ಚಿಟ್ಟುಕೊಂಡವರು ಕೊನೆಗೆ ಆಸ್ಪತ್ರೆಗೆ ಬಂದರೂ ‘ಆಪರೇಷನ್’ ಎಂಬ ಮಾತಿಗೆ ಹೆದರಿ ಹಿಂದಿರುಗುವುದುಂಟು. ಆ ಹೆದರಿಕೆಗೆ ಆಧಾರ ಕಡಿಮೆ. ಒಳಮೂಲವ್ಯಾಧಿಯ ಬಹುಪಾಲು ರೋಗಿಗಳಿಗೆ ಕತ್ತರಿ ಸೋಕಿಸಬೇಕಾಗಿಲ್ಲ. ಹೊರರೋಗಿ ವಿಭಾಗದ ಮಂಚದ ಮೇಲೆ, ಅರಿವಳಿಕೆ ಇಲ್ಲದೆ, ಹತ್ತು ನಿಮಿಷದೊಳಗೆ ಮುಗಿಯುವ ಚಿಕಿತ್ಸೆಯೇ ಸಾಕಾಗುತ್ತದೆ.

ಇಂಥ ಚಿಕಿತ್ಸೆಗಳಲ್ಲಿ ಮುಖ್ಯವಾದವು ಮೂರು: ರಬ್ಬರ್ ಬ್ಯಾಂಡ್ ಕಟ್ಟುವುದು, ಚುಚ್ಚುಮದ್ದು ಕೊಡುವುದು, ಅವಗೆಂಪು ಕಿರಣದಿಂದ ಸುಡುವುದು. ನೋಡಲು ಬೇರೆ ಬೇರೆಯಾದರೂ ಮೂರರ ಉಪಾಯ ಒಂದೇ. ಸಡಿಲವಾದ ಮೆತ್ತೆಯ ಬುಡದಲ್ಲಿ ಬೇಕೆಂದೇ ಒಂದು ಸಣ್ಣ ಗಾಯ ಮಾಡುವುದು. ಆ ಗಾಯ ಮಾಯುವಾಗ ಹುಟ್ಟುವ ಗಟ್ಟಿ ನಾರು ಮೆತ್ತೆಯನ್ನು ಅಡಿಯ ಸ್ನಾಯುವಿಗೆ ಅಂಟಿಸಿ ಹಿಡಿಯುತ್ತದೆ, ಅದಕ್ಕೆ ಹರಿಯುವ ರಕ್ತವೂ ತಗ್ಗುತ್ತದೆ. ಗಾಯ ಎಷ್ಟು ಆಳ ಎಂಬುದರಲ್ಲಿ ಮಾತ್ರ ವ್ಯತ್ಯಾಸ. ಆಳ ಹೆಚ್ಚಿದಷ್ಟು ಹಿಡಿತ ಗಟ್ಟಿ, ಜೊತೆಗೆ ನೋವೂ ಹೆಚ್ಚು. ಈ ಚಿಕಿತ್ಸೆಗಳ ಹೋಲಿಕೆಯೆಲ್ಲ ಸುತ್ತುವುದು ಈ ಕೊಡುಕೊಳೆಯ ಸುತ್ತಲೇ.

ಮೆತ್ತೆ ಮತ್ತು ಗೆರೆ

ಮೂಲವ್ಯಾಧಿಯನ್ನು ಉಬ್ಬಿದ ಅಭಿಧಮನಿ ಎಂದು, ಕಾಲಿನ ವೆರಿಕೋಸ್ ನರದಂಥದ್ದೇ ಇದೂ ಎಂದು ಬಹುಕಾಲ ನಂಬಿದ್ದರು. 1975ರಲ್ಲಿ ಬ್ರಿಟಿಷ್ ಶಸ್ತ್ರವೈದ್ಯ ಥಾಮ್ಸನ್ ಈ ತಿಳಿವಳಿಕೆಯನ್ನು ತಿದ್ದಿದರು. ಗುದನಾಳದ ಎಡಬದಿಯಲ್ಲಿ ಒಂದು, ಬಲಗಡೆ ಮುಂದೆ ಒಂದು, ಬಲಗಡೆ ಹಿಂದೆ ಒಂದು, ಹೀಗೆ ಸಾಮಾನ್ಯವಾಗಿ ಮೂರು ಮೆತ್ತೆಗಳು ಪ್ರತಿಯೊಬ್ಬರಲ್ಲೂ ಇರುತ್ತವೆ. ಅವು ರೋಗವಲ್ಲ, ಅಂಗ. ಬಾಯಿ ಮುಚ್ಚಿದ ಚೀಲದ ಸೆರಗಿನ ಹಾಗೆ ಒಂದಕ್ಕೊಂದು ಒತ್ತಿಕೊಂಡು ಗಾಳಿ, ನೀರು ಸೋರದಂತೆ ತಡೆಯುವುದು ಅವುಗಳ ಕೆಲಸ. ಸುಮ್ಮನಿರುವಾಗ ಗುದನಾಳದಲ್ಲಿರುವ ಒತ್ತಡದಲ್ಲಿ ಶೇ. 15ರಿಂದ 20ರಷ್ಟು ಪಾಲು ಈ ಮೆತ್ತೆಗಳದ್ದು. ಅವನ್ನು ಹಿಡಿದಿಟ್ಟ ಎಳೆಗಳು ವಯಸ್ಸಿನಿಂದಲೋ, ದಿನವೂ ತಿಣುಕುವುದರಿಂದಲೋ ಸಡಿಲವಾದಾಗ ತೊಂದರೆ ಶುರು. ವೈದ್ಯರ ಚೀಟಿಯಲ್ಲಿ ಕಾಣುವ 3, 7, 11 ಎಂಬ ಅಂಕಿಗಳು ಈ ಮೂರು ಜಾಗಗಳೇ. ರೋಗಿ ಅಂಗಾತ ಮಲಗಿ ಕಾಲೆತ್ತಿದಾಗ ಗುದದ್ವಾರವನ್ನು ಗಡಿಯಾರದ ಮುಖವೆಂದುಕೊಂಡು ಗುರುತಿಸಿದ ಗಂಟೆಗಳು.

ಚಿಕಿತ್ಸೆಯ ದೃಷ್ಟಿಯಿಂದ ಮೆತ್ತೆಗಿಂತ ಮುಖ್ಯವಾದದ್ದು ಒಂದು ಗೆರೆ. ಗುದನಾಳದ ಮಧ್ಯದಲ್ಲಿ ಗರಗಸದ ಹಲ್ಲಿನಂತೆ ಅಂಕುಡೊಂಕಾಗಿ ಹಾದುಹೋಗುವ ಇದನ್ನು ಡೆಂಟೇಟ್ ಗೆರೆ ಎನ್ನುತ್ತಾರೆ. ಇದರ ಮೇಲಿನ ಲೋಳೆಪೊರೆಗೆ ಚುಚ್ಚಿದರೂ ಸುಟ್ಟರೂ ಚರ್ಮಕ್ಕಾಗುವಂಥ ನೋವು ತಿಳಿಯುವುದಿಲ್ಲ. ಕೆಳಗಿನ ಭಾಗವೋ, ಬೆರಳತುದಿಯಷ್ಟು ಸೂಕ್ಷ್ಮ. ಅರಿವಳಿಕೆ ಇಲ್ಲದೆ ಚಿಕಿತ್ಸೆ ಮಾಡಲು ಸಾಧ್ಯವಾಗಿರುವುದು ಈ ಗೆರೆಯ ದೆಸೆಯಿಂದ. ಗೆರೆಯ ಕೆಳಗೆ ಹುಟ್ಟುವ ಹೊರಮೂಲವ್ಯಾಧಿಗೆ ಈ ಮೂರೂ ಚಿಕಿತ್ಸೆಗಳು ನಿಷಿದ್ಧವಾಗಿರುವುದೂ ಇದರಿಂದಲೇ.

ಒಳಮೂಲವ್ಯಾಧಿಯನ್ನು ಗೊಲೈಗರ್ ಹೆಸರಿನ ವರ್ಗೀಕರಣದಂತೆ ನಾಲ್ಕು ಹಂತಗಳಾಗಿ ಬರೆಯುವುದು ವಾಡಿಕೆ. ರಕ್ತ ಮಾತ್ರ ಬಂದು ಗಂಟು ಹೊರಬಾರದಿದ್ದರೆ ಒಂದನೆಯದು. ಮುಕ್ಕಿದಾಗ ಹೊರಬಂದು ತಾನಾಗಿ ಒಳಹೋದರೆ ಎರಡನೆಯದು. ಬೆರಳಿಂದ ತಳ್ಳಬೇಕಾದರೆ ಮೂರನೆಯದು. ತಳ್ಳಿದರೂ ನಿಲ್ಲದಿದ್ದರೆ ನಾಲ್ಕನೆಯದು. ಹೊರರೋಗಿ ಚಿಕಿತ್ಸೆ ಮೊದಲ ಎರಡು ಹಂತಗಳಿಗೆ, ಮೂರನೆಯದರಲ್ಲಿ ಆಯ್ದ ಕೆಲವರಿಗೆ. ನಾಲ್ಕನೆಯದಕ್ಕೆ ಶಸ್ತ್ರಚಿಕಿತ್ಸೆಯೇ ಗತಿ.

ಯಾವ ಉಪಕರಣ ಕೈಗೆತ್ತಿಕೊಳ್ಳುವ ಮುನ್ನವೂ ಮಲವನ್ನು ಮೆತ್ತಗೆ ಮಾಡಬೇಕು. ಇದನ್ನು ‘ಪಥ್ಯ ಹೇಳಿ ಕಳಿಸಿದರು’ ಎಂದು ಹಗುರಾಗಿ ತೆಗೆದುಕೊಳ್ಳುವವರೇ ಹೆಚ್ಚು. ನಾರಿನಂಶ ಕೊಟ್ಟು ನಡೆಸಿದ 7 ಪ್ರಯೋಗಗಳ 378 ರೋಗಿಗಳ ವಿವರ ಒಟ್ಟುಗೂಡಿಸಿದ 2005ರ ಕಾಕ್ರೇನ್ ವಿಮರ್ಶೆಯಲ್ಲಿ ರಕ್ತಸ್ರಾವ ಮುಂದುವರಿಯುವ ಸಾಧ್ಯತೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ದಿನಕ್ಕೆ 25ರಿಂದ 30 ಗ್ರಾಂ ನಾರು ಬೇಕು. ರಾಗಿ, ಕಾಳು, ಸೊಪ್ಪು ತಿನ್ನುವ ಮನೆಯಲ್ಲಿ ಅದು ಕಷ್ಟವಲ್ಲ, ಸಾಲದಿದ್ದರೆ ಇಸಬ್‌ಗೋಲು ಇದೆ. ನೀರು ಕುಡಿಯದೆ ಇಸಬ್‌ಗೋಲು ಮಾತ್ರ ನುಂಗಿದರೆ ಮಲಬದ್ಧತೆ ಹೆಚ್ಚುತ್ತದೆ. ಮೊಬೈಲು ಹಿಡಿದು ಅರ್ಧ ಗಂಟೆ ಶೌಚಾಲಯದಲ್ಲಿ ಕೂರುವ ಅಭ್ಯಾಸ ಬಿಡದವರಿಗೆ ಮುಂದಿನ ಯಾವ ಚಿಕಿತ್ಸೆಯೂ ಬಹಳ ದಿನ ಬಾಳುವುದಿಲ್ಲ.

ರಬ್ಬರ್ ಬ್ಯಾಂಡ್

1958ರಲ್ಲಿ ಅಮೆರಿಕದ ಬ್ಲೈಸ್‌ಡೆಲ್ ಎಂಬ ವೈದ್ಯರು ಮೂಲವ್ಯಾಧಿಯ ಗಂಟನ್ನು ತಮ್ಮ ಚಿಕಿತ್ಸಾಲಯದಲ್ಲೇ ದಾರದಿಂದ ಬಿಗಿದು ಬೀಳಿಸುವ ಕ್ರಮ ಪ್ರಕಟಿಸಿದರು. ದಾರದ ಬದಲು ರಬ್ಬರಿನ ಪುಟ್ಟ ಉಂಗುರ ಬಳಸಿ ಅದನ್ನು ಸುಲಭಗೊಳಿಸಿದವರು ಬ್ಯಾರನ್. ಅದು 1963ರ ಮಾತು. ಅಲ್ಲಿಂದೀಚೆಗೆ ಸಲಕರಣೆಯ ರೂಪ ಬದಲಾಗಿದೆಯೇ ಹೊರತು ಕ್ರಮ ಬದಲಾಗಿಲ್ಲ.

ರೋಗಿ ಎಡಮಗ್ಗುಲಾಗಿ, ಮೊಣಕಾಲು ಎದೆಗೆ ಒತ್ತಿ ಮಲಗುತ್ತಾನೆ. ಜೆಲ್ಲಿ ಸವರಿದ ಪ್ರಾಕ್ಟೋಸ್ಕೋಪ್ ಎಂಬ ಕೊಳವೆ ಒಳಗೆ ಸರಿಯುತ್ತದೆ; ಮಧ್ಯದ ಗುಂಡುತಲೆಯ ಕಡ್ಡಿ ಹೊರತೆಗೆದೊಡನೆ ಕೊಳವೆಯ ತುದಿಯಲ್ಲಿ ಮೆತ್ತೆ ನೇರಳೆಗೆಂಪಾಗಿ ಉಬ್ಬಿ ಕಾಣಿಸುತ್ತದೆ. ವೈದ್ಯರು ಇಕ್ಕಳದಿಂದ ಅದರ ಬುಡವನ್ನು ಮೆಲ್ಲಗೆ ಚಿವುಟಿ, ‘ನೋವಾಯ್ತಾ?’ ಎಂದು ಕೇಳುತ್ತಾರೆ. ಈ ಪ್ರಶ್ನೆ ಸೌಜನ್ಯದ್ದಲ್ಲ. ಚಿಕಿತ್ಸೆಯ ಹಣೆಬರಹ ಅದರ ಉತ್ತರದಲ್ಲಿದೆ. ಹೌದು ಎಂದರೆ ಜಾಗ ಗೆರೆಗೆ ತೀರ ಹತ್ತಿರ, ಇನ್ನೂ ಮೇಲೆ ಹೋಗಬೇಕು. ಇಲ್ಲ ಎಂದರೆ ಗೆರೆಯಿಂದ ಒಂದೆರಡು ಸೆಂಟಿಮೀಟರ್ ಮೇಲಿನ ಆ ಲೋಳೆಪೊರೆಯನ್ನು ಇಕ್ಕಳದಿಂದಲೋ ಗಾಳಿ ಹೀರುವ ಸಾಧನದಿಂದಲೋ ಪುಟ್ಟ ಬಟ್ಟಲಿನೊಳಕ್ಕೆ ಎಳೆದುಕೊಂಡು ಗುಂಡಿ ಒತ್ತುತ್ತಾರೆ. ‘ಟಕ್’ ಎಂಬ ಸದ್ದಿನೊಂದಿಗೆ ಉಂಗುರ ಜಾರಿ ಬುಡಕ್ಕೆ ಬಿಗಿಯುತ್ತದೆ. ರಕ್ತ ಸಿಗದ ಆ ತುಣುಕು ಐದರಿಂದ ಹತ್ತು ದಿನದೊಳಗೆ ಕಪ್ಪಾಗಿ, ಉಂಗುರದ ಸಮೇತ ಮಲದಲ್ಲಿ ಬಿದ್ದುಹೋಗುತ್ತದೆ. ಬಹಳ ಮಂದಿಗೆ ಅದು ಬಿದ್ದದ್ದೂ ಗೊತ್ತಾಗುವುದಿಲ್ಲ.

ಗೊತ್ತಾಗುವುದು ಮೊದಲ ದಿನದ ಭಾರ. ಮಲ ಬಂದಂತೆ, ಹೋಗಿ ಕೂತರೆ ಬಾರದಂತೆ ಆಗುತ್ತದೆ. ಉಂಗುರ ಒತ್ತುವುದರಿಂದ ಹುಟ್ಟುವ ಭ್ರಮೆ ಅದು. ಅದಕ್ಕೆ ಓಗೊಟ್ಟು ತಿಣುಕಿದರೆ ಉಂಗುರ ಜಾರಬಹುದು. ಕೆಲವರಿಗೆ ಮಂಚದಿಂದ ಎದ್ದಾಗ ತಲೆ ಸುತ್ತುವುದುಂಟು, ಆದ್ದರಿಂದ ಐದು ಹತ್ತು ನಿಮಿಷ ಮಲಗಿದ್ದು ಏಳಬೇಕು. ಒಂದೆರಡು ದಿನದ ಮಂದ ನೋವಿಗೆ ಪ್ಯಾರಾಸಿಟಮಾಲ್ ಸಾಕು. ಉಂಗುರ ಬಿದ್ದ ಕಿವಿಯೋಲೆಯಷ್ಟು ಗಾಯದಿಂದ ಐದರಿಂದ ಹದಿನಾಲ್ಕನೇ ದಿನದ ನಡುವೆ ರಕ್ತ ಬರಬಹುದು. ಬಂದರೂ ಸಾಮಾನ್ಯವಾಗಿ ಸ್ವಲ್ಪವೇ, ಅಪರೂಪಕ್ಕೆ ಆಸ್ಪತ್ರೆಗೆ ಓಡುವಷ್ಟು. ಈ ಅವಧಿಯಲ್ಲಿ ದೂರ ಪ್ರಯಾಣ ಬೇಡ ಎನ್ನುವುದು ಅದಕ್ಕೇ. ಇವೆಲ್ಲಕ್ಕಿಂತ ಅಪರೂಪವಾದರೂ ಮರೆಯಬಾರದ್ದು ಸೋಂಕು. ಹೆಚ್ಚುತ್ತಲೇ ಹೋಗುವ ನೋವು, ಜ್ವರ, ಮೂತ್ರ ಕಟ್ಟುವುದು, ಈ ಮೂರು ಒಟ್ಟಿಗೆ ಬಂದರೆ ಬೆಳಗಾಗುವವರೆಗೆ ಕಾಯುವಂತಿಲ್ಲ.

ಒಂದೇ ಸಲಕ್ಕೆ ಮೂರೂ ಗಂಟಿಗೆ ಕಟ್ಟಬಹುದು, ಇಲ್ಲವೇ ನಾಲ್ಕಾರು ವಾರಕ್ಕೊಮ್ಮೆ ಒಂದೊಂದಾಗಿ ಮುಗಿಸಬಹುದು. ಮೊದಲ ಸಲ ಬಂದ ಅಂಜುಬುರುಕ ರೋಗಿಗೆ ಒಂದರಿಂದ ಶುರುಮಾಡುವುದೇ ಲೇಸು.

ಚುಚ್ಚುಮದ್ದು

ಮೂವರಲ್ಲಿ ಹಿರಿಯ ಇದು, ಇತಿಹಾಸವೂ ಸ್ವಲ್ಪ ರಂಗಾದದ್ದು. 1869ರಲ್ಲಿ ಡಬ್ಲಿನ್ನಿನ ಜಾನ್ ಮಾರ್ಗನ್ ಕಬ್ಬಿಣದ ಲವಣವೊಂದನ್ನು ಮೂಲವ್ಯಾಧಿಗೆ ಚುಚ್ಚಿದರು. ಎರಡು ವರ್ಷದ ನಂತರ ಅಮೆರಿಕದ ಇಲಿನಾಯ್ ರಾಜ್ಯದ ಮಿಚೆಲ್ ಎಂಬ ವೈದ್ಯ ಕಾರ್ಬಾಲಿಕ್ ಆಮ್ಲವನ್ನು ಆಲಿವ್ ಎಣ್ಣೆಯಲ್ಲಿ ಬೆರೆಸಿ ಬಳಸತೊಡಗಿದ. ಈ ಪಾಕ ಗುಟ್ಟಿನ ಮದ್ದಾಗಿ ಊರಿಂದೂರಿಗೆ ತಿರುಗುವ ಮೂಲವ್ಯಾಧಿ ವೈದ್ಯರ ಕೈ ಸೇರಿತು. ಅವರಲ್ಲಿ ಅನೇಕರಿಗೆ ವೈದ್ಯಕೀಯದ ಗಂಧವೂ ಇರಲಿಲ್ಲ. ಷಿಕಾಗೋದ ಶಸ್ತ್ರವೈದ್ಯ ಎಡ್ಮಂಡ್ ಆ್ಯಂಡ್ರೂಸ್ 1879ರಲ್ಲಿ ಆ ಗುಟ್ಟನ್ನೂ ಅದರ ಫಲಾಫಲಗಳನ್ನೂ ಕಲೆಹಾಕಿ ಬಯಲು ಮಾಡಿದ ಮೇಲೆಯೇ ಪದ್ಧತಿ ಆಸ್ಪತ್ರೆಗಳಿಗೆ ಬಂದದ್ದು.

ಕಾರ್ಬಾಲಿಕ್ ಆಮ್ಲವೆಂದರೆ ಫೀನಾಲ್. ಇಂದಿಗೂ ಬಳಕೆಯಲ್ಲಿರುವುದು ಶೇ. 5ರ ಫೀನಾಲ್ ಬೆರೆತ ಬಾದಾಮಿ ಎಣ್ಣೆ. ಮೆತ್ತೆಯ ಮೇಲ್ತುದಿಯಲ್ಲಿ, ಲೋಳೆಪೊರೆ ಮತ್ತು ಸ್ನಾಯುವಿನ ನಡುವಿನ ಪದರಕ್ಕೆ, ಒಂದು ಜಾಗಕ್ಕೆ 3ರಿಂದ 5 ಮಿಲಿಲೀಟರ್ ಇಳಿಸುತ್ತಾರೆ. ಔಷಧ ರಕ್ತನಾಳದ ಒಳಗೆ ಹೋಗುತ್ತದೆ ಎಂಬುದು ಸಾಧಾರಣ ತಪ್ಪು ಕಲ್ಪನೆ; ಅದು ನಾಳದ ಸುತ್ತ ಹೋಗಬೇಕು. ನೋವು ತಿಳಿಯಬಾರದು, ತಿಳಿದರೆ ಸೂಜಿ ತಪ್ಪು ಜಾಗದಲ್ಲಿದೆ. ಗಂಡಸರಲ್ಲಿ ಮುಂಭಾಗದ ಗಂಟಿಗೆ ಚುಚ್ಚುವಾಗ ಸೂಜಿ ಆಳಕ್ಕಿಳಿದರೆ ಪ್ರಾಸ್ಟೇಟ್‌ಗೆ ತಗಲಿ ಮೂತ್ರದಲ್ಲಿ ರಕ್ತ, ಕೀವು ಕಾಣಿಸಿಕೊಂಡ ಪ್ರಕರಣಗಳಿವೆ. ಬಾದಾಮಿ, ಕಡಲೆಕಾಯಿಯ ಅಲರ್ಜಿ ಇರುವವರು ಮೊದಲೇ ಹೇಳಬೇಕು.

ಹೊಸ ಕಾಲದಲ್ಲಿ ಇದು ಎರಡು ರೂಪ ತಾಳಿದೆ. ಯುರೋಪಿನಲ್ಲಿ ಪಾಲಿಡೋಕನಾಲ್ ಎಂಬ ದ್ರವವನ್ನು ನೊರೆಯಾಗಿಸಿ ಚುಚ್ಚುತ್ತಾರೆ. ಜಪಾನಿನಲ್ಲಿ 2005ರಿಂದ ಬಳಕೆಯಲ್ಲಿರುವುದು ಚೀನಾ ಮೂಲದ ಪಾಕ: ಪಟಿಕ ಮತ್ತು ಟ್ಯಾನಿಕ್ ಆಮ್ಲದ ಮಿಶ್ರಣ. ಟ್ಯಾನಿಕ್ ಆಮ್ಲವೆಂದರೆ ನಮ್ಮ ಅಳಲೆಕಾಯಿಗೆ ಒಗರು ಕೊಡುವ ಜಾತಿಯ ವಸ್ತು. ಗಂಟೊಂದಕ್ಕೆ ನಾಲ್ಕು ಕಡೆ ಲೆಕ್ಕಾಚಾರದಿಂದ ಚುಚ್ಚುವ ಈ ವಿಧಾನಕ್ಕೆ ಪ್ರತ್ಯೇಕ ತರಬೇತಿ ಬೇಕು.

ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಲ್ಲಿ ಬ್ಯಾಂಡಿಗಿಂತ ಚುಚ್ಚುಮದ್ದಿಗೆ ಒಲವು ಹೆಚ್ಚು, ಏಕೆಂದರೆ ವಾರದ ನಂತರ ಉದುರಿ ಬೀಳುವ ತುಣುಕು ಇಲ್ಲಿಲ್ಲ. ರಕ್ತ ಬೇಗ ನಿಲ್ಲುತ್ತದೆ. ಆದರೆ ಹೊರಜಾರುವ ಗಂಟನ್ನು ಹಿಡಿದಿಡುವ ಶಕ್ತಿ ಇದಕ್ಕೆ ಕಡಿಮೆ; ಆ ಗುಣವೂ ವರ್ಷ ಕಳೆದಂತೆ ಇಳಿಯುತ್ತದೆ.

ಅವಗೆಂಪು ಕಿರಣ, ಮತ್ತು ಮೂಲೆ ಸೇರಿದ ಕೆಲವು ವಿಧಾನಗಳು

ಇನ್‌ಫ್ರಾರೆಡ್ ಕೊಯಾಗುಲೇಷನ್ ಬಂದದ್ದು 1970ರ ದಶಕದ ಕೊನೆಗೆ. ಅದನ್ನು ಬಳಕೆಗೆ ತಂದವರು ಸ್ವಿಟ್ಜರ್ಲೆಂಡಿನ ನೈಗರ್. ಪಿಸ್ತೂಲಿನಾಕಾರದ ಸಾಧನದಲ್ಲಿ ಹ್ಯಾಲೋಜನ್ ದೀಪ, ಅದರ ಶಾಖವನ್ನು ತುದಿಗೆ ಒಯ್ಯುವ ಗಾಜಿನ ದಂಡ. ಗಂಟಿನ ಬುಡಕ್ಕೆ ತುದಿ ಒತ್ತಿ ಸುಮಾರು 1.5 ಸೆಕೆಂಡು ಬೆಳಗಿಸಿದರೆ ಅಲ್ಲಿ ಬಿಳಿ ಚುಕ್ಕೆ ಮೂಡುತ್ತದೆ. ಗಂಟೊಂದಕ್ಕೆ ಇಂಥ ಮೂರು ನಾಲ್ಕು ಚುಕ್ಕೆ. ಸುಡುವುದು ಕೆಲವೇ ಮಿಲಿಮೀಟರ್ ಆಳ. ಆದ್ದರಿಂದ ನೋವು ಅತ್ಯಲ್ಪ, ಮರುದಿನವೇ ಕೆಲಸಕ್ಕೆ ಹೋಗಬಹುದು. ಅದೇ ಕಾರಣಕ್ಕೆ ದೊಡ್ಡ ಗಂಟಿಗೆ ಇದು ಸಾಲದು. ಮೊದಲ ಹಂತದ ರಕ್ತಸ್ರಾವಕ್ಕೆ ಚೆನ್ನು.

ವಿದ್ಯುತ್ತಿನಿಂದ ಸುಡುವ ಬೈಪೋಲಾರ್ ವಿಧಾನವೂ ಇದೇ ಬಳಗದ್ದು. ನೇರ ವಿದ್ಯುತ್ ಹರಿಸುವ ಇನ್ನೊಂದು ಸಾಧನವಿದೆ, ಒಂದೊಂದು ಗಂಟಿಗೂ ಹತ್ತು ನಿಮಿಷದವರೆಗೆ ಹಿಡಿದಿರಬೇಕು. ವೈದ್ಯರಿಗೂ ರೋಗಿಗೂ ತಾಳ್ಮೆ ಸಾಲದೆ ಅದು ಹೆಚ್ಚು ಹರಡಲಿಲ್ಲ. 1970ರ ದಶಕದಲ್ಲಿ ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸುವ ಕ್ರಯೋಥೆರಪಿಗೆ ಬಹಳ ಬೆಲೆ ಬಂದಿತ್ತು. ವಾರಗಟ್ಟಲೆ ಸೋರುವ ದುರ್ವಾಸನೆಯ ನೀರೇ ಅದನ್ನು ಮುಗಿಸಿತು. 1968ರಲ್ಲಿ ಪೀಟರ್ ಲಾರ್ಡ್ ಹೇಳಿದ, ಬೆರಳುಗಳಿಂದ ಗುದದ್ವಾರವನ್ನು ಬಲವಾಗಿ ಹಿಗ್ಗಿಸುವ ವಿಧಾನ ಇನ್ನೂ ಕೆಟ್ಟದು. ಅದರಿಂದ ಮಲ ಹಿಡಿದಿಡುವ ಶಕ್ತಿ ಕಳೆದುಕೊಂಡವರಿದ್ದಾರೆ. ಇಂದು ಅದನ್ನು ಮಾಡಬಾರದು.

ಲೇಸರ್ ಬಗ್ಗೆ ಒಂದು ಮಾತು. ‘ನೋವಿಲ್ಲ, ಗಾಯವಿಲ್ಲ, ಅದೇ ದಿನ ಮನೆಗೆ’ ಎಂಬ ಜಾಹೀರಾತು ಬೆಂಗಳೂರಿನ ಬಸ್ಸುಗಳ ಬೆನ್ನ ಮೇಲೂ ಇದೆ. ಗಂಟಿನೊಳಗೆ ತೆಳು ಎಳೆ ತೂರಿಸಿ ಸುಡುವ ಈ ಕ್ರಮಕ್ಕೆ ಸಾಮಾನ್ಯವಾಗಿ ಅರಿವಳಿಕೆ, ಶಸ್ತ್ರಚಿಕಿತ್ಸಾ ಕೊಠಡಿ ಎರಡೂ ಬೇಕು. ಆದ್ದರಿಂದ ಇದು ಡೇ-ಕೇರ್ ಶಸ್ತ್ರಚಿಕಿತ್ಸೆ. ಬ್ಯಾಂಡಿನ ಜೊತೆ ಒಂದೇ ಸಾಲಿನಲ್ಲಿ ಇಟ್ಟು ಬೆಲೆ ಹೋಲಿಸುವುದು ಸರಿಯಲ್ಲ.

ಯಾವುದು ಮೇಲು?

ಈ ಪ್ರಶ್ನೆಗೆ ಮೂರು ವರ್ಷದ ಅಂತರದಲ್ಲಿ ಎರಡು ಉತ್ತರ ಬಂದವು. 1992ರಲ್ಲಿ ಜೊಹಾನ್ಸನ್ ಮತ್ತು ರಿಮ್ 5 ಪ್ರಯೋಗಗಳ 863 ರೋಗಿಗಳ ಫಲಿತಾಂಶ ಒಟ್ಟು ಮಾಡಿದರು. ದೀರ್ಘಕಾಲದ ಗುಣದಲ್ಲಿ ಬ್ಯಾಂಡೇ ಮುಂದು, ನೋವಿನಲ್ಲೂ ಅದೇ ಮುಂದು. ಆದ್ದರಿಂದ ಒಟ್ಟಾರೆ ಅವಗೆಂಪು ಕಿರಣವೇ ಒಳ್ಳೆಯದಿರಬಹುದು ಎಂದರು. 1995ರಲ್ಲಿ ಮಕ್‌ರೇ ಮತ್ತು ಮಕ್‌ಲೌಡ್ 18 ಪ್ರಯೋಗ ನೋಡಿದರು. ಕಂಡದ್ದು ಹೆಚ್ಚುಕಡಿಮೆ ಅದೇ: ಬ್ಯಾಂಡಿನಲ್ಲಿ ನೋವು ಹೆಚ್ಚು, ಆದರೆ ಚುಚ್ಚುಮದ್ದು ಅಥವಾ ಕಿರಣ ಪಡೆದವರೇ ಮತ್ತೆ ಚಿಕಿತ್ಸೆಗೆ ಬರಬೇಕಾದ್ದು ಹೆಚ್ಚು. ತೀರ್ಪು ಮಾತ್ರ ತಿರುವುಮುರುವು: ಮೊದಲ ಮೂರು ಹಂತಕ್ಕೂ ಬ್ಯಾಂಡೇ ಮೊದಲ ಆಯ್ಕೆ. ಅಂಕಿಅಂಶದಲ್ಲಿ ಜಗಳವಿರಲಿಲ್ಲ. ಎರಡು ದಿನದ ನೋವಿಗೂ ಎರಡು ವರ್ಷದ ನೆಮ್ಮದಿಗೂ ಎಷ್ಟೆಷ್ಟು ತೂಕ ಕೊಡಬೇಕೆಂಬಲ್ಲಿ ಅವರು ಬೇರೆಯಾದರು. ವೈದ್ಯಲೋಕ ಬಹುಮಟ್ಟಿಗೆ ಎರಡನೆಯವರ ಹಿಂದೆ ಹೋಗಿದೆ, ಈ ಲೇಖನದ ಒಲವೂ ಅತ್ತಲೇ.

2016ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಹಬಲ್ ಪ್ರಯೋಗ ಬ್ಯಾಂಡನ್ನು ಬೇರೊಂದು ಕಣಕ್ಕಿಳಿಸಿತು. ಬ್ರಿಟನ್ನಿನ 17 ಆಸ್ಪತ್ರೆಗಳ 372 ರೋಗಿಗಳಲ್ಲಿ ಕೆಲವರಿಗೆ ಬ್ಯಾಂಡ್, ಕೆಲವರಿಗೆ ಅರಿವಳಿಕೆ ಕೊಟ್ಟು ಡಾಪ್ಲರ್ ಸದ್ದಿನ ಜಾಡು ಹಿಡಿದು ಅಪಧಮನಿಗೆ ಹೊಲಿಗೆ. ವರ್ಷದ ಕೊನೆಗೆ ಬ್ಯಾಂಡ್ ಹಾಕಿಸಿಕೊಂಡವರಲ್ಲಿ ಶೇ. 49 ಮಂದಿಗೆ ತೊಂದರೆ ಮರಳಿತ್ತು, ಹೊಲಿಗೆಯವರಲ್ಲಿ ಶೇ. 30. ಇಷ್ಟೇ ಓದಿದರೆ ಬ್ಯಾಂಡ್ ಸೋತಿತು. ಆದರೆ ಬೇಕೆನಿಸಿದಾಗ ಇನ್ನೊಂದು ಸಲ ಬ್ಯಾಂಡ್ ಹಾಕುವುದನ್ನೂ ಅದೇ ಚಿಕಿತ್ಸೆಯ ಭಾಗವೆಂದು ಎಣಿಸಿದರೆ ಶೇ. 49 ಇಳಿದು 37.5ಕ್ಕೆ ಬರುತ್ತಿತ್ತು, ಆಗ ಎರಡರ ನಡುವೆ ಗಟ್ಟಿಯಾದ ಅಂತರ ಉಳಿಯಲಿಲ್ಲ. ಹೊಲಿಗೆಯವರಿಗೆ ಮೊದಲ ವಾರದ ನೋವೂ ಹೆಚ್ಚು, ಖರ್ಚೂ ಹೆಚ್ಚು. ಬ್ಯಾಂಡ್ ಎಂದರೆ ಒಂದು ಭೇಟಿಯಲ್ಲ, ಎರಡು ಮೂರು ಭೇಟಿಗಳ ಸರಣಿ ಎಂದು ಮೊದಲೇ ತಿಳಿಸಿದರೆ ರೋಗಿ ‘ಮತ್ತೆ ಬಂತು, ಕೈಕೊಟ್ಟಿತು’ ಎಂದು ನೊಂದುಕೊಳ್ಳುವುದಿಲ್ಲ. ನಮ್ಮ ಹೊರರೋಗಿ ವಿಭಾಗಗಳ ನೂಕುನುಗ್ಗಲಿನಲ್ಲಿ ತಪ್ಪಿಹೋಗುವುದು ಸಾಮಾನ್ಯವಾಗಿ ಈ ಒಂದು ಮಾತೇ.

ಕತ್ತರಿಸಿ ತೆಗೆಯುವ ಶಸ್ತ್ರಚಿಕಿತ್ಸೆ, ಅಂದರೆ ಲಂಡನ್ನಿನಲ್ಲಿ ಮಿಲಿಗನ್ ಮತ್ತು ಮಾರ್ಗನ್ 1937ರಲ್ಲಿ ನೆಲೆಗೊಳಿಸಿದ ಕ್ರಮ, ಮೂರನೇ ಹಂತದ ಗಂಟುಗಳಲ್ಲಿ ಬ್ಯಾಂಡಿಗಿಂತ ಗಟ್ಟಿ ಗುಣ ಕೊಡುತ್ತದೆ. ಬೆಲೆ, ವಾರಗಳ ನೋವು. ಎರಡನೇ ಹಂತಕ್ಕೆ ಆ ಬೆಲೆ ತೆರುವ ಅಗತ್ಯವಿಲ್ಲ.

ಸುಶ್ರುತನ ಕೊಳವೆ

ಅರ್ಶಸ್ಸಿಗೆ ಸುಶ್ರುತ ಸಂಹಿತೆ ಹೇಳುವ ಉಪಾಯಗಳು ನಾಲ್ಕು: ಔಷಧ, ಕ್ಷಾರ, ಅಗ್ನಿ, ಶಸ್ತ್ರ. ನೋಡುವುದಕ್ಕೆ ಹಸುವಿನ ಮೊಲೆಯ ಆಕಾರದ, ನಾಲ್ಕಂಗುಲ ಉದ್ದದ ಕೊಳವೆ ಯಂತ್ರವಿದೆ. ಪರೀಕ್ಷೆಗೆ ಎರಡು ರಂಧ್ರದ್ದು, ಚಿಕಿತ್ಸೆಗೆ ಒಂದೇ ರಂಧ್ರದ್ದು. ಒಂದೇ ಬಾಯಿ ಇದ್ದರೆ ಕ್ಷಾರವೋ ಬೆಂಕಿಯೋ ಅಕ್ಕಪಕ್ಕಕ್ಕೆ ತಗಲುವುದಿಲ್ಲವೆಂಬ ಕಾರಣವೂ ಅಲ್ಲೇ ಇದೆ. ಕ್ಷಾರ ಹಚ್ಚಿ ನೂರು ಎಣಿಸುವಷ್ಟು ಹೊತ್ತು ಯಂತ್ರದ ಬಾಯಿ ಮುಚ್ಚಿ ಹಿಡಿಯಬೇಕು. ಗಂಟು ಮಾಗಿದ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿದರೆ ಸಾಕು, ಹುಳಿನೀರಿನಿಂದ ತೊಳೆಯಬೇಕು. ಇಂದಿನ ಪ್ರಾಕ್ಟೋಸ್ಕೋಪ್ ಹಿಡಿದ ಯಾವ ವೈದ್ಯರಿಗೂ ಇದು ಪರಿಚಿತ ಚಿತ್ರ. ಕರ್ನಾಟಕದ ಆಯುರ್ವೇದ ಕಾಲೇಜುಗಳ ಶಲ್ಯತಂತ್ರ ವಿಭಾಗಗಳಲ್ಲಿ ಉತ್ತರಾಣಿಯ ಕ್ಷಾರದಿಂದ ಮಾಡುವ ಕ್ಷಾರಕರ್ಮ ಈಗಲೂ ನಡೆಯುತ್ತದೆ. ಕಳ್ಳಿಹಾಲು, ಉತ್ತರಾಣಿ ಕ್ಷಾರ, ಅರಿಶಿನ ಸವರಿದ ಕ್ಷಾರಸೂತ್ರದ ಹೆಸರು ಇದರೊಡನೆ ಕೇಳಿಬಂದರೂ ಅದರ ಮುಖ್ಯ ಕ್ಷೇತ್ರ ಭಗಂದರ, ಅಂದರೆ ಫಿಸ್ಟುಲಾ.

ಸಮಸ್ಯೆ ಇರುವುದು ಇವರಲ್ಲಲ್ಲ. ಬಸ್ ನಿಲ್ದಾಣದ ಪಕ್ಕದ ಮಹಡಿಯಲ್ಲಿ ‘ಆಪರೇಷನ್ ಇಲ್ಲದೆ ಒಂದೇ ಇಂಜೆಕ್ಷನ್’ ಎಂದು ಬೋರ್ಡು ಹಾಕಿ, ಸಿರಿಂಜಿನೊಳಗೆ ಏನಿದೆಯೆಂದು ಹೇಳದೆ ಚುಚ್ಚುವವರಲ್ಲಿ. ಗೆರೆಯ ಕೆಳಗೆ ಬಿದ್ದ ದಾಹಕ ಮದ್ದು ಮಾಂಸ ಕೊಳೆಸುತ್ತದೆ, ಮಾಯ್ದ ಮೇಲೆ ದ್ವಾರ ಕಿರುಬೆರಳೂ ಹೋಗದಷ್ಟು ಬಿಗಿಯುತ್ತದೆ. ಆಗ ಬೇಕಾಗುವ ಆಪರೇಷನ್, ಮೂಲವ್ಯಾಧಿಯದಕ್ಕಿಂತ ದೊಡ್ಡದು.

ಮಾಡಬಾರದ ಕಡೆ

ಹೊರಮೂಲವ್ಯಾಧಿಯೊಳಗೆ ರಕ್ತ ಹೆಪ್ಪುಗಟ್ಟಿ ರಾತ್ರೋರಾತ್ರಿ ನೀಲಿಗಟ್ಟಿದ ಗಂಟೆದ್ದರೆ, ಮೊದಲ 72 ಗಂಟೆಯೊಳಗೆ ಬಂದವರಿಗೆ ಆ ಜಾಗ ಮರಗಟ್ಟಿಸಿ ಗಂಟು ತೆಗೆದರೆ ಒಡನೆ ಹಾಯೆನಿಸುತ್ತದೆ. ತಡವಾಗಿ ಬಂದವರಿಗೆ ಬಿಸಿನೀರಿನ ತೊಟ್ಟಿಯಲ್ಲಿ ಕೂರುವುದು, ನೋವಿನ ಮಾತ್ರೆ ಸಾಕು. ಅದು ತಾನೇ ಕರಗುತ್ತದೆ. ಬಸುರಿಯರಲ್ಲಿ ಬಹುಮಟ್ಟಿಗೆ ಹೆರಿಗೆಯವರೆಗೆ ಕಾಯುವುದೇ ಕ್ರಮ. ಯಕೃತ್ತಿನ ಕಾಯಿಲೆಯಿಂದ ಗುದನಾಳದಲ್ಲಿ ಉಬ್ಬುವ ರಕ್ತನಾಳಗಳು ಕಣ್ಣಿಗೆ ಮೂಲವ್ಯಾಧಿಯಂತೆಯೇ ಕಂಡರೂ ಮೂಲವ್ಯಾಧಿಯಲ್ಲ. ಕ್ರೋನ್ಸ್ ಕಾಯಿಲೆ ಇದ್ದವರಿಗೆ, ರೋಗನಿರೋಧಕ ಶಕ್ತಿ ಕುಂದಿದವರಿಗೆ ಬ್ಯಾಂಡ್ ಹಾಕುವಾಗ ಎರಡು ಸಲ ಯೋಚಿಸಬೇಕು. ಕ್ಲೋಪಿಡೊಗ್ರೆಲ್, ವಾರ್ಫರಿನ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಅದನ್ನು ವೈದ್ಯರಿಗೆ ತಿಳಿಸಬೇಕು; ಹೃದಯದ ವೈದ್ಯರನ್ನು ಕೇಳದೆ ತಾವೇ ನಿಲ್ಲಿಸಬಾರದು.

ಮಲದಲ್ಲಿ ಕಂಡ ರಕ್ತವೆಲ್ಲ ಮೂಲವ್ಯಾಧಿಯದಲ್ಲ. ಕರುಳಿನ ಕ್ಯಾನ್ಸರ್ ಇದ್ದವರಿಗೂ ಮೂಲವ್ಯಾಧಿ ಇರಬಹುದು, ಕೊಳವೆಯಲ್ಲಿ ಮೊದಲು ಕಾಣುವುದು ಅದೇ ಆದ್ದರಿಂದ ಹುಡುಕಾಟ ಅಲ್ಲಿಗೇ ನಿಲ್ಲುವ ಅಪಾಯವಿದೆ. ವಯಸ್ಸು 45 ದಾಟಿದ್ದರೆ, ರಕ್ತ ಕಪ್ಪಾಗಿದ್ದರೆ, ತೂಕ ಇಳಿದಿದ್ದರೆ, ಮಲದ ರೂಢಿ ಬದಲಾಗಿದ್ದರೆ, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಬಂದಿದ್ದರೆ ಕೊಲನೋಸ್ಕೋಪಿ ಮಾಡಿಸಿಕೊಳ್ಳಿ. ಕೊಳವೆ ಹಾಕಿ ನೋಡದೆ, ಬೆರಳಿಟ್ಟು ಪರೀಕ್ಷಿಸದೆ, ಬರೀ ನಿಮ್ಮ ಮಾತು ಕೇಳಿ ಪೈಲ್ಸ್ ಎಂದು ಚೀಟಿ ಬರೆದವರಿಂದ ಬ್ಯಾಂಡ್ ಆಗಲಿ ಇಂಜೆಕ್ಷನ್ ಆಗಲಿ ತೆಗೆದುಕೊಳ್ಳಬೇಡಿ.